ಮಷ್ಮೂಮ್ ಪತ್ರಿಕೆಯ ಬಲಬದಿ

ಬೆಹೀಜಾ ಮೇಷ್ಟರ ಮಗಳು. ಟ್ಯೂನಿಸ್‌ನ ಶಾಲೆಯಲ್ಲಿ ಫ್ರೆಂಚ್ ಕಲಿತಳು, ಅಪ್ಪನ ಮಗ್ಗುಲಲ್ಲಿ ಕೂತು ಅರಬ್ಬಿ ಕಲಿತಳು. ದೇಶಕ್ಕೆ ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮಲ್ಲಿಗೆ ಗೊಂಚಲಿನ ಹೆಸರು ಹೊತ್ತ ‘ಮಷ್ಮೂಮ್’ ಎಂಬ ಹೆಂಗಸರ ವಾರಪತ್ರಿಕೆಗೆ ಸೇರಿದಳು. ಮುಂದೆ ಮದುವೆಯಾಯಿತು, ಕೂಸೂ ಹುಟ್ಟಿತು. ಕೆಲಸ ಮಾತ್ರ ಬಿಡಲಿಲ್ಲ.

ಆ ಪತ್ರಿಕೆಗೆ ಹಿಂಬದಿಯೇ ಇರಲಿಲ್ಲ, ಎರಡೂ ಕಡೆ ಮುಖಪುಟ. ಎಡದಿಂದ ತೆರೆದರೆ ಫ್ರೆಂಚ್, ಬಲದಿಂದ ತೆರೆದರೆ ಅರಬ್ಬಿ. ಅರಬ್ಬಿಯ ಪಾಲು ಪೂರ್ತಿ ಬೆಹೀಜಾಳದು. ಹಸುಳೆಗೆ ಜ್ವರ ಬಂದರೆ ಏನು ಮಾಡಬೇಕು, ಹೊಸ ಕಾನೂನಿನಲ್ಲಿ ಹೆಂಡತಿಗೆ ಏನೇನು ಹಕ್ಕಿದೆ, ಎಲ್ಲವನ್ನೂ ಅಕ್ಕಪಕ್ಕದ ಮನೆಯವರಿಗೆ ಹೇಳುವಂತೆ ಬರೆಯುತ್ತಿದ್ದಳು.

ಒಂದು ದಿನ ಸಂಪಾದಕ ತಿಜಾನಿ ಸಾಹೇಬರು ಅವಳನ್ನು ಕರೆದರು.

“ನಿನ್ನ ಬದಿಗೆ ಓದೋರೇ ಇಲ್ಲಮ್ಮ. ಬರೋ ಪತ್ರವೆಲ್ಲ ಫ್ರೆಂಚಲ್ಲೇ. ಬರೋ ತಿಂಗಳಿಂದ ಅರಬ್ಬಿ ನಿಲ್ಲಿಸಿಬಿಡ್ತೀನಿ.”

“ಹಾಗಾದ್ರೆ ಅರಬ್ಬಿ ಮಾತ್ರ ಓದೋ ಬಾಬ್ ಸುವೀಕಾ ಪೇಟೆ ಹೆಂಗಸರಿಗೆ ಏನೂ ಬೇಡ್ವಾ?”

“ಬೇಕಿದ್ರೆ ಕೊಂಡ್ಕೋತಿದ್ರಲ್ಲ!”

ಮರುದಿನ ಬೆಳಿಗ್ಗೆ ಕೂಸನ್ನು ಕಂಕುಳಲ್ಲಿಟ್ಟುಕೊಂಡು ರೊಟ್ಟಿ ತರಲು ಬಾಬ್ ಸುವೀಕಾಗೆ ಹೋದವಳು ಪತ್ರಿಕೆ ಮಾರುವ ಹಸೂನಾ ಕಾಕಾನ ಗೂಡಂಗಡಿಯ ಮುಂದೆ ನಿಂತೇಬಿಟ್ಟಳು. ಹಗ್ಗಕ್ಕೆ ಬಟ್ಟೆಯ ಕ್ಲಿಪ್ಪು ಹಾಕಿ ‘ಮಷ್ಮೂಮ್’ಗಳನ್ನು ಸಾಲಾಗಿ ನೇತುಹಾಕಿದ್ದ. ಎಲ್ಲವೂ ಫ್ರೆಂಚ್ ಮುಖವನ್ನೇ ಬೀದಿಗೆ ತೋರಿಸುತ್ತಿದ್ದವು.

“ಕಾಕಾ, ಅರ್ಧದಷ್ಟನ್ನ ತಿರುಗಿಸಿ ಹಾಕಿ.”

“ಬೆನ್ನು ತೋರಿಸಿ ವ್ಯಾಪಾರ ಮಾಡು ಅಂತೀಯಲ್ಲೇ ಹುಡುಗಿ! ಬೋಣಿ ಆದಹಾಗೇ! ಕಟ್ಟಲ್ಲಿ ಹೇಗೆ ಬರುತ್ತೋ ಹಾಗೆ ಹಾಕ್ತೀನಿ.”

“ಬೆನ್ನಲ್ಲ ಕಾಕಾ. ಒಂದ್ಸಲ ಓದಿ ನೋಡಿ.”

ಹಸೂನಾ ಗೊಣಗುತ್ತಲೇ ಒಂದನ್ನು ಕಿತ್ತು ತಿರುಗಿಸಿದ. ಕನ್ನಡಕ ಏರಿಸಿದ. “ಅಯ್ಯಯ್ಯೋ! ಇದರಲ್ಲಿ ಅರಬ್ಬೀನೂ ಇದೆಯಾ?”

“ಎರಡು ವರ್ಷದಿಂದ ಇದೆ!”

“ಹಿಂದುಗಡೆ ಸೋಪಿನ ಜಾಹೀರಾತು ಇರುತ್ತಲ್ಲ, ಅದು ಅಂತ ಕಣ್ಣೆತ್ತಿಯೂ ನೋಡಿರ್ಲಿಲ್ಲ!”

ಬೆಹೀಜಾಗೆ ನಗು ಬಂತು, ಅಳುವೂ ಬಂತು. ಮಗುವನ್ನು ಕಾಕಾನ ಕೈಗಿಟ್ಟು ತಾನೇ ಒಂದೊಂದಾಗಿ ತಿರುಗಿಸಿ ಸಿಕ್ಕಿಸಿದಳು. ಮಗು ಮುದುಕನ ಟೋಪಿಯನ್ನು ಎಳೆದು ಬಾಯಿಗಿಟ್ಟಿತು.

ಮಾರುಕಟ್ಟೆಗೆ ಹೊರಟಿದ್ದ ಹೆಂಗಸೊಬ್ಬಳು ತನ್ನ ಬಿಳಿ ಹೊದಿಕೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೇ ನಿಂತಳು. ಅಕ್ಷರ ಕೂಡಿಸಿ ಓದಲು ಹೋಗಿ ಬಾಯಿ ಬಿಟ್ಟಳು, ಹೊದಿಕೆ ಜಾರಿತು. “ಎಳೆಗೂಸಿನ... ಹೊಟ್ಟೆನೋವಿಗೆ... ಅಯ್ಯೋ, ಇದು ನನಗೆ ಬೇಕಿತ್ತು! ಹೊಸ ಪತ್ರಿಕೆಯಾ ಕಾಕಾ?”

“ಹೊಸದಂತೆ ಹೊಸದು! ಎರಡು ವರ್ಷದಿಂದ ಮಾರ್ತಿದೀನಿ,” ಎಂದ ಹಸೂನಾ, ಹುಟ್ಟಿನಿಂದಲೇ ಬಲ್ಲವನಂತೆ. ಆಮೇಲೆ ಅವನ ಗಂಟಲಿಗೆ ಬಿಡುವಿಲ್ಲ: “ನಮ್ಮ ಮಾತಿನ ಪತ್ರಿಕೆ! ಬನ್ನಿ, ನಮ್ಮ ಮಾತಿನ ಪತ್ರಿಕೆ!” ರೊಟ್ಟಿ ಹೊತ್ತು ಹೋಗುತ್ತಿದ್ದವರೂ ತಿರುಗಿ ಬಂದರು. ಮಧ್ಯಾಹ್ನದ ಹೊತ್ತಿಗೆ ಹಗ್ಗದ ಮೇಲೆ ಬರೀ ಕ್ಲಿಪ್ಪುಗಳು.

ಬೆಹೀಜಾ ಅಲ್ಲಿಂದ ನೇರ ಮುದ್ರಣಾಲಯಕ್ಕೆ ನಡೆದಳು. ಕಟ್ಟು ಕಟ್ಟುವವರ ಮುಂದೆ ನಿಂತು, ಪ್ರತಿ ಕಟ್ಟಿನಲ್ಲೂ ಅರ್ಧ ಆ ಮುಖ, ಅರ್ಧ ಈ ಮುಖ ಮೇಲೆ ಬರುವಂತೆ ಕಟ್ಟಿಸಿದಳು. ಮುಂದಿನ ವಾರಗಳಲ್ಲಿ ಊರೂರಿನಿಂದ ಅರಬ್ಬಿ ಪತ್ರಗಳು ಬಂದು ಬಿದ್ದವು. ಕೆಲವುಗಳಲ್ಲಿ ಬೈಗುಳವೂ ಇತ್ತು: ಇಷ್ಟು ದಿನ ಎಲ್ಲಿ ಅಡಗಿದ್ದಿರಿ?

ತಿಂಗಳು ತುಂಬಿದಾಗ ಸಂಪಾದಕರು ಮತ್ತೆ ಕರೆದರು. ಮೇಜಿನ ಮೇಲೆಲ್ಲ ಪತ್ರಗಳ ರಾಶಿ.

“ನಿಲ್ಲಿಸೋ ಮಾತು ಬಿಟ್ಟುಬಿಡು. ಪುಟ ಹೆಚ್ಚು ಮಾಡಿದ್ರೆ ಬರೀತೀಯಾ?”

“ಒಬ್ಬಳ ಕೈಲಾಗಲ್ಲ ಸಾಹೇಬರೇ. ಇನ್ನೊಬ್ಬಳು ಬೇಕು. ಇಬ್ಬರ ಮಕ್ಕಳೂ ಮಲಗೋಕೆ ಒಂದು ಕೋಣೆ ಬೇಕು.”

“ಬರೋಳಿಗೂ ಮಕ್ಕಳಿರ್ತಾವೆ ಅಂತ ಈಗಲೇ ಗೊತ್ತಾ?”

“ಇರೋಳನ್ನೇ ಕರ್ಕೊಂಡು ಬರ್ತೀನಿ. ಓದೋರ ಕಷ್ಟ ಅವಳಿಗೇ ಗೊತ್ತಿರೋದು.”

ತಿಜಾನಿ ಸಾಹೇಬರು ಜೋರಾಗಿ ನಕ್ಕು ಒಪ್ಪಿದರು. ಅಷ್ಟರಲ್ಲಿ ಅವಳ ಕಂಕುಳಲ್ಲಿದ್ದ ಮಗು ಹಸಿವಿಗೆ ರಾಗ ತೆಗೆಯಿತು. ಅವರು ಎದ್ದು, ತಮ್ಮ ಕುರ್ಚಿಯನ್ನೇ ತಾಯಿಗೆ ಬಿಟ್ಟುಕೊಟ್ಟು, ಬಾಗಿಲೆಳೆದುಕೊಂಡು ಹೊರಗೆ ಹೋದರು. ಬೆಹೀಜಾ ಸಂಪಾದಕರ ಕುರ್ಚಿಯಲ್ಲಿ ನೆಟ್ಟಗೆ ಕೂತು ಮಗುವಿಗೆ ಹಾಲೂಡಿಸುತ್ತ, ಬಿಡುವಿದ್ದ ಕೈಯಲ್ಲಿ ಮೊದಲ ಪತ್ರ ಒಡೆದಳು.