ಅವ್ವ ತೆಗೆಯದ ತೋರಣ

ಅಂದು ನಾನು ಅವ್ವನ ಹೆಸರು ಹೇಳಿದೆನೋ ಇಲ್ಲವೋ, ನನಗೆ ಖಚಿತವಿಲ್ಲ. ಹೇಳಿದೆ ಎಂದು ಒಮ್ಮೆ ಅನ್ನಿಸುತ್ತದೆ. ಬರೀ ಸುಮ್ಮನಿದ್ದೆ, ಉಳಿದದ್ದನ್ನು ನಿರ್ಮಲಾ ತಾನೇ ಊಹಿಸಿಕೊಂಡಳು ಎಂದು ಮತ್ತೊಮ್ಮೆ. ಖಚಿತವಾಗಿರುವುದು ಇಷ್ಟೇ — ನನ್ನ ಹೆಂಡತಿ ನಿರ್ಮಲಾಳ ಮಣಿತೋರಣವನ್ನು ಬಾಗಿಲಿಂದ ಕಿತ್ತವನು ನಾನು. ಆ ಅಪವಾದವನ್ನು ಹತ್ತು ವರ್ಷಕ್ಕೂ ಮಿಕ್ಕಿ ಹೊತ್ತು ಸತ್ತವಳು ನನ್ನ ಅವ್ವ.

ಬೈಲಹೊಂಗಲದಲ್ಲಿ ನಾವು ಮನೆ ಕಟ್ಟಿಸಿದ ವರ್ಷ ಅದು. ದೊಡ್ಡ ಮನೆಯೇನಲ್ಲ. ಒಂದು ಪಡಸಾಲೆ, ಎರಡು ಕೋಣೆ, ಅಡುಗೆಮನೆ. ನಾನು ಊರಿನ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದೆ. ನಿರ್ಮಲಾ ಸವದತ್ತಿಯವಳು, ಬಣ್ಣಗಳ ನಡುವೆ ಬೆಳೆದವಳು. ಅವಳ ತವರಿನಲ್ಲಿ ಹಸಿರು ಗೋಡೆ, ಕೆಂಪು ಕಿಟಕಿ, ಪ್ರತಿ ಬಾಗಿಲಿಗೂ ಒಂದು ತೋರಣ. ನನಗೋ ಬಿಳಿ ಗೋಡೆ, ಪುಸ್ತಕದ ಕಪಾಟು, ಬೇರೇನೂ ಬೇಡ. ವಿಶ್ವವಿದ್ಯಾಲಯದಿಂದ ಪದವಿಯ ಜೊತೆಗೆ ನಾನು ತಂದುಕೊಂಡ ರುಚಿ ಅದು. ಅದನ್ನು ರುಚಿ ಅಂತ ಕರೆಯುತ್ತಿದ್ದೆ. ಭಯ ಅನ್ನಬೇಕಿತ್ತೇನೋ.

ಬಣ್ಣ ಹಚ್ಚುವವನು ಬಂದ ದಿನ ನಾವಿಬ್ಬರೂ ಅವನ ಎದುರೇ ಜಗ್ಗಾಡಿದೆವು.

"ಇದೇನ್ ದವಾಖಾನಿ ಏನ್ರಿ, ಎಲ್ಲಾ ಬೆಳ್ಳಗ ಮಾಡಾಕ?" ಅಂದಳು ನಿರ್ಮಲಾ.

"ಹಸಿರು ಹಚ್ಚಿದ್ರ ಗಿಳಿ ಪಂಜರ ಅಕ್ಕೈತಿ," ಅಂದೆ ನಾನು.

ಅವ್ವ ಕಟ್ಟೆಯ ಮೇಲೆ ಕುಂತು ನಗುತ್ತಿದ್ದಳು. "ಅರ್ಧಾ ದವಾಖಾನಿ, ಅರ್ಧಾ ಪಂಜರ ಮಾಡ್ರಿ. ನಾ ಕಟ್ಟಿ ಮ್ಯಾಲೆ ಇರತೇನಿ," ಅಂದಳು.

ಹೆಚ್ಚುಕಡಿಮೆ ಅವ್ವ ಹೇಳಿದ ಹಾಗೆಯೇ ಆಯಿತು. ಪಡಸಾಲೆ ನನ್ನದು, ಬಿಳಿ. ಅಡುಗೆಮನೆ ಅವಳದು, ಗಿಳಿಹಸಿರು. ಇವೆರಡರ ನಡುವಿನ ಬಾಗಿಲು ಯಾರದು ಎಂಬ ಪ್ರಶ್ನೆ ಮಾತ್ರ ಉಳಿಯಿತು. ಅದನ್ನು ನಾನೇ ಬಿಟ್ಟುಕೊಟ್ಟೆ, ದೊಡ್ಡ ಮನಸ್ಸು ಮಾಡಿದವನ ಹಾಗೆ. ನಿರ್ಮಲಾ ಅಲ್ಲಿ ತನ್ನ ತೋರಣ ಕಟ್ಟಿದಳು. ಲಗ್ನ ಗೊತ್ತಾದ ಮೇಲೆ ಅವಳೂ ಅವಳ ತಾಯಿಯೂ ಒಂದು ಇಡೀ ಬೇಸಿಗೆ ಕುಂತು ಪೋಣಿಸಿದ್ದು ಅದು. ಕೆಂಪು, ಹಳದಿ, ನೀಲಿ ಮಣಿ, ನಡುವೆ ಎದುರುಬದುರು ಎರಡು ಗಿಳಿ. ನಮ್ಮ ಕಡೆ ಮದುಮಗಳ ಸಾಮಾನಿನ ಜೊತೆ ಅವಳ ಕೈಕೆಲಸವೂ ಬರುತ್ತದೆ. ಬೀಗರು, ನೆರೆಯವರು ಅದನ್ನು ಹರವಿ ನೋಡಿ ಹುಡುಗಿ ಎಂಥವಳು ಎಂದು ಹೇಳುತ್ತಾರೆ. ಆ ತಾಯಿ ಲಗ್ನವಾದ ಎರಡನೇ ವರ್ಷಕ್ಕೇ ತೀರಿಕೊಂಡಿದ್ದರು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ —

ಅವ್ವನಿಗೂ ಆ ತೋರಣದ ಮೇಲೆ ಒಂದು ತಕರಾರಿತ್ತು. ತಲೆಯ ಮೇಲಿನ ಸೆರಗು ಮಣಿಗೆ ಸಿಕ್ಕಿಕೊಳ್ಳುತ್ತಿತ್ತು. "ನಿನ್ನ ಗಿಳಿ ನನ್ನ ಸೆರಗ ಜಗ್ಗತಾವಲ್ಲವಾ ನಿರ್ಮಲಾ. ಒಂದಿನ ತಗದ ಒಗಿತೇನಿ ನೋಡು," ಅನ್ನುತ್ತಿದ್ದಳು. ಕಿತ್ತು ಎಸೆಯುತ್ತೇನೆ ಅನ್ನುವುದು ತಮಾಷೆ. ನಿರ್ಮಲಾಳೂ ನಗುತ್ತಿದ್ದಳು. ಆ ತಮಾಷೆಯೇ ಮುಂದೆ ಸಾಕ್ಷಿಯಾಯಿತು.

ಆ ವರ್ಷದ ನಾಗರಪಂಚಮಿಗೆ ನಿರ್ಮಲಾ ತವರಿಗೆ ಹೋದಳು. ಪಂಚಮಿಗೆ ನಮ್ಮಲ್ಲಿ ಹೆಣ್ಣುಮಕ್ಕಳೆಲ್ಲ ಹೋಗುತ್ತಾರೆ, ಅಣ್ಣನೋ ತಮ್ಮನೋ ಕರೆಯಲು ಬರುತ್ತಾನೆ. ಅದೇ ಹಬ್ಬದ ದಿನ ಧಾರವಾಡದಿಂದ ನನ್ನ ಗೆಳೆಯರು ಮನೆ ನೋಡಲು ಬರುವವರಿದ್ದರು. ಓದುವಾಗಿನ ಗೆಳೆಯರು. ಅವರಲ್ಲಿ ಪ್ರಕಾಶ ಎಂಬವನ ನಾಲಿಗೆ ಚೂಪು. ಹಿಂದೊಮ್ಮೆ ಯಾರದೋ ಮನೆಯಲ್ಲಿ ಇಂಥದೇ ಮಣಿ ಕೆಲಸ ನೋಡಿ, "ಬೀಗರ ಮುಂದ ಪ್ರದರ್ಶನ ಇಟ್ಟಂಗೈತಿ," ಅಂದಿದ್ದ. ಆಗ ನಾನೂ ನಕ್ಕಿದ್ದೆ.

ಬೆಳಿಗ್ಗೆ ಕುರ್ಚಿ ಹಾಕಿಕೊಂಡು ಹತ್ತಿದೆ. ಒಂದು ದಿನದ ಮಟ್ಟಿಗೆ ತೆಗೆದಿಡೋಣ, ಸಂಜೆ ಮತ್ತೆ ಕಟ್ಟಿದರಾಯಿತು — ಹೀಗೆ ಅಂದುಕೊಂಡಿದ್ದೆ ಎಂದು ನೆನಪು. ನಿಜವಾಗಿ ಅಂದುಕೊಂಡಿದ್ದೆನೇ? ಮೊಳೆಗೆ ದಾರ ಸಿಕ್ಕಿಕೊಂಡಿತು. ನಾನು ಜಗ್ಗಿದೆ. ದಾರ ತಾನೇ ಹರಿಯಿತೋ, ಸಿಟ್ಟಿನಲ್ಲಿ ಬೇಕೆಂದೇ ಜೋರಾಗಿ ಜಗ್ಗಿದೆನೋ, ಎಷ್ಟು ಕೆದಕಿದರೂ ತಿಳಿಯುವುದಿಲ್ಲ. ಮಣಿಗಳು ನೆಲಕ್ಕೆ ಬಿದ್ದ ಸದ್ದು ಮಾತ್ರ ಇನ್ನೂ ಕಿವಿಯಲ್ಲಿದೆ. ಕಪಾಟಿನ ಕೆಳಗೆ, ಚಾಪೆಯ ಅಡಿ, ಎಲ್ಲೆಲ್ಲೂ ಓಡಿದವು. ಗುಡಿಸಿ ಚೀಲಕ್ಕೆ ತುಂಬಿ, ಊರ ಹೊರಗೆ ಕಸ ಚೆಲ್ಲುವಲ್ಲಿ ಎಸೆದು ಬಂದೆ. ಪೋಣಿಸುವವರ ಕೈಗೆ ಕೊಟ್ಟಿದ್ದರೆ ಮತ್ತೆ ಆಗುತ್ತಿತ್ತು. ಕೊಡಲಿಲ್ಲ.

ಗೆಳೆಯರು ಬಂದರು, ಪಡಸಾಲೆಯಲ್ಲಿ ಫೋಟೋ ತೆಗೆದುಕೊಂಡರು. ಪ್ರಕಾಶ ಸುತ್ತ ನೋಡಿ, "ಚೊಲೋ ಐತಿ. ಆದ್ರ ಹಾಸ್ಟೆಲ್ ರೂಮಿನಂಗ ಕಾಣತೈತಲೇ. ಮನ್ಯಾಗ ಹೆಣಮಕ್ಕಳದಾರೋ ಇಲ್ಲೋ?" ಅಂದ. ಎಲ್ಲರೂ ನಕ್ಕರು. ನಾನೂ.

ಮೂರ್ನಾಲ್ಕು ದಿನದ ಮೇಲೆ ನಿರ್ಮಲಾ ಉಂಡಿಯ ಡಬ್ಬಿ ಹಿಡಿದು ಬಂದಳು. ಚಪ್ಪಲಿ ಬಿಡುವ ಮೊದಲೇ ಬಾಗಿಲು ನೋಡಿದಳು.

"ತೋರಣ ಯಾರ ತಗದ್ರಿ?"

ಇಲ್ಲಿಯೇ ನನ್ನ ನೆನಪು ಎರಡಾಗುತ್ತದೆ. ಒಂದರಲ್ಲಿ ನಾನು "ನನಗೇನ ಗೊತ್ತು" ಅನ್ನುತ್ತೇನೆ. ಇನ್ನೊಂದರಲ್ಲಿ "ಅವ್ವನ್ನ ಕೇಳು" ಅನ್ನುತ್ತೇನೆ. ಎರಡರಲ್ಲೂ ನನ್ನ ಕಣ್ಣು ಪತ್ರಿಕೆಯ ಮೇಲಿದೆ. ಎರಡರಲ್ಲೂ ಮುಂದಿನದು ಒಂದೇ: ನಿರ್ಮಲಾ ಅವ್ವನ ಕಡೆ ತಿರುಗುತ್ತಾಳೆ.

"ಒಗಿತೇನಿ ಒಗಿತೇನಿ ಅಂತಿದ್ರಿ, ಒಗದs ಬಿಟ್ರಿ ಏನ್ರಿ ಅತ್ತಿ? ನಮ್ಮವ್ವನ ಕೈದು ಅದೊಂದs ಇತ್ತು ನನ್ನ ಹಂತ್ಯಾಕ."

"ನಾ ತಗದಿಲ್ಲವಾ. ಯಾರ ತಗದ್ರೂ ನಾ ನೋಡಿಲ್ಲ," ಅಂದಳು ಅವ್ವ. ಅಷ್ಟೇ.

ಆಮೇಲೆ ಜಗಳವೇನೂ ಆಗಲಿಲ್ಲ. ಆಗಿದ್ದರೆ ಒಳ್ಳೆಯದಿತ್ತು. ನಿರ್ಮಲಾ ಅತ್ತೆಯ ಊಟ, ಔಷಧಿ, ಸ್ನಾನದ ನೀರು ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಚೇಷ್ಟೆ ಮಾತ್ರ ನಿಂತುಹೋಯಿತು. ಅಡುಗೆಮನೆಯಿಂದ ಬರುತ್ತಿದ್ದ ಇಬ್ಬರ ನಗು ನಿಂತುಹೋಯಿತು. ಅವ್ವ ಆ ಬಾಗಿಲು ದಾಟುವಾಗ ಸೆರಗು ಸಿಕ್ಕಿಕೊಳ್ಳಲು ಅಲ್ಲಿ ಏನೂ ಇರಲಿಲ್ಲ, ಆದರೂ ತಲೆ ತಗ್ಗಿಸುತ್ತಿದ್ದಳು. ಅಲ್ಲಿ ಮತ್ತೊಂದು ತೋರಣ ಕಟ್ಟೋಣ ಎಂದೆ ಒಮ್ಮೆ. ನಿರ್ಮಲಾ ಒಲ್ಲೆ ಅಂದಳು. ಅಡುಗೆಮನೆಗೂ ಬಿಳಿಯನ್ನೇ ಹಚ್ಚಿಸಿದಳು. ಇಡೀ ಮನೆ ಈಗ ನನ್ನ ರುಚಿಯದು.

ಹೋದ ವರ್ಷ ಅವ್ವ ತೀರಿಕೊಂಡಳು. ದಿನಕರ್ಮ ಮುಗಿದ ಮೇಲೆ ಅವಳ ಟ್ರಂಕು ಬಿಚ್ಚಿ ಸೀರೆ ಮಡಚುತ್ತ ನಿರ್ಮಲಾ ತಳದವರೆಗೂ ಕೈಯಾಡಿಸಿದಳು. ಏನನ್ನು ಹುಡುಕುತ್ತಿದ್ದಾಳೆ ಎಂದು ನನಗೆ ತಿಳಿಯಿತು. "ಎಲ್ಲಿಟ್ರು ಅಂತ ಕಡೀಕೂ ಹೇಳಲಿಲ್ಲ ನೋಡ್ರಿ," ಅಂದಳು. ಆಗಲೂ ನಾನು ಬಾಯಿ ಬಿಡಲಿಲ್ಲ.

ಇಷ್ಟು ವರ್ಷ ನಾನು ಬದುಕಿದ್ದು ಮನಸ್ಸಿನಲ್ಲಿದ್ದ ಒಂದು ಚಿತ್ರದ ಆಸರೆಯಲ್ಲಿ. ನಾನು ಕುರ್ಚಿಯ ಮೇಲಿದ್ದೇನೆ. ಮೂಲೆಯಲ್ಲಿ ಅವ್ವ ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದಾಳೆ. ಮಣಿ ಚೆಲ್ಲಿದಾಗ ತಲೆಯೆತ್ತಿ ನೋಡುತ್ತಾಳೆ, ಏನೂ ಅನ್ನದೆ ಮತ್ತೆ ತಲೆ ತಗ್ಗಿಸುತ್ತಾಳೆ. ಅಂದರೆ ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ "ನೋಡಿಲ್ಲ" ಅಂದಳು, ಮಗನಿಗಾಗಿ. ತಾನಾಗಿ ಹೊತ್ತುಕೊಂಡಳು. ಇಂಥ ಅವ್ವನನ್ನು ನೆನೆದು ಎಷ್ಟೋ ಸಲ ಕಣ್ಣು ತುಂಬಿಕೊಂಡಿದ್ದೇನೆ. ಆ ಕಣ್ಣೀರಿನಲ್ಲಿ ಒಂದು ಸುಖವೂ ಇತ್ತು — ಅದನ್ನು ಈಗ ಒಪ್ಪಿಕೊಳ್ಳಬೇಕು.

ಈ ಪಂಚಮಿಗೆ ರಾಮದುರ್ಗ ತಾಲೂಕಿನ ಸಾಲಹಳ್ಳಿಗೆ ಹೋಗಿದ್ದೆ. ಅದು ಅವ್ವನ ತವರು. ಸೋದರಮಾವ ತೀರಿದ ಮೇಲೆ ಅವ್ವ ಪಂಚಮಿಗೆ ಅಲ್ಲಿಗೆ ಹೋಗುವುದನ್ನು ಬಿಟ್ಟಿದ್ದಳು ಎಂದೇ ನಾನು ನಂಬಿದ್ದೆ. ಮಾವನ ಮಗ ಈರಣ್ಣ ತನ್ನ ಹಳೆಯ ಫೋನಿನಲ್ಲಿದ್ದ ಒಂದು ಫೋಟೋ ತೋರಿಸಿದ. ಬೇವಿನ ಗಿಡಕ್ಕೆ ಕಟ್ಟಿದ ಜೋಕಾಲಿ, ಅದರ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಅವ್ವ.

"ನೀವು ಮನಿ ಕಟ್ಟಿಸಿದ ವರ್ಷರಿ ಮಾಮಾ. ಅಪ್ಪ ಇಲ್ಲಂತ ಅತ್ತಿನ್ನ ಕರೀದs ಬಿಟ್ರ ಹೆಂಗ ಅಂತ ಹಬ್ಬದ ಹಿಂದಿನ ದಿನ ನಾನs ಬಂದ ಕರಕೊಂಡ ಬಂದಿದ್ನಿ. ಹಬ್ಬಾ ಮುಗಿಸಿ ಮರುದಿನ ಹೋದ್ರು. ನಿಮಗ ನೆಪ್ಪಿಲ್ಲೇನ್ರಿ?"

ನೆನಪಿರಲಿಲ್ಲ. ಬಸ್ಸಿನಲ್ಲಿ ಹಿಂದಿರುಗುವಾಗ ನೆನಪಾಯಿತು: ಆ ದಿನ ಗೆಳೆಯರಿಗೆ ನಾನು ಖಾನಾವಳಿಯಿಂದ ರೊಟ್ಟಿ ತಂದಿದ್ದೆ. ಅವ್ವ ಮನೆಯಲ್ಲಿದ್ದರೆ ಖಾನಾವಳಿ ರೊಟ್ಟಿ ನಮ್ಮ ಹೊಸ್ತಿಲು ದಾಟುತ್ತಿತ್ತೇ? ಸಾಲಹಳ್ಳಿಗೆ ಹೋಗಿದ್ದೆ ಎಂದು ಅವ್ವ ಸೊಸೆಗೆ ಯಾಕೆ ಹೇಳಲಿಲ್ಲ? ಹೇಳಿದ್ದಳೇ, ನಾವೇ ಕಿವಿಗೊಡಲಿಲ್ಲವೇ?

ಇದನ್ನು ಬೇರೆ ಯಾರೇ ಓದುವ ಮೊದಲು ನಿರ್ಮಲಾ ಓದುತ್ತಾಳೆ. ಕೈಗೆ ಕೊಟ್ಟು ಹೊರಗೆ ಹೋಗುವುದಿಲ್ಲ, ಎದುರಿಗೇ ಕೂರುತ್ತೇನೆ. ಅವಳು ಏನಂದರೂ ಕೇಳಿಸಿಕೊಳ್ಳುತ್ತೇನೆ. ಬಾಯಿತಪ್ಪಿ ಅಂದೆನೋ, ಬೇಕೆಂದು ಅಂದೆನೋ, ಅನ್ನಲೇ ಇಲ್ಲವೋ — ಅದನ್ನು ಮಾತ್ರ ಅವಳಿಗೂ ಖಚಿತವಾಗಿ ಹೇಳಲಾರೆ.

ಒಂದನ್ನು ಪರೀಕ್ಷಿಸಿದ್ದೇನೆ. ಪ್ರಕಾಶನಿಗೆ ಫೋನು ಮಾಡಿ, ಅಂದು ನಮ್ಮ ಪಡಸಾಲೆಯಲ್ಲಿ ತೆಗೆದ ಫೋಟೋ ಕಳಿಸು ಅಂದೆ. ಕಳಿಸಿದ. ನಾನು ನಗುತ್ತ ನಿಂತಿದ್ದೇನೆ, ಹಿಂದೆ ಬರಿದಾದ ಬಾಗಿಲು. ಆ ಫೋಟೋದ ತಾರೀಕು, ಈರಣ್ಣನ ಫೋಟೋದ ತಾರೀಕು ಒಂದೇ. ನಾನು ಕುರ್ಚಿ ಹತ್ತಿದ ದಿನ ಅವ್ವ ಸಾಲಹಳ್ಳಿಯಲ್ಲಿದ್ದಳು.