ಜೇವರ್ಗಿಗೆ ಹೊರಟ ಬೋರಿನ ನೀರು

ಮೊಮ್ಮಕ್ಕಳೇ, ಸೃಷ್ಟಿ, ಬಸು, ನಮ್ಮ ಓಣಿಯ ಬೋರಿನ ನೀರನ್ನು ನಾನು ಜೇವರ್ಗಿಗೆ ಒಯ್ದ ಸಂಗತಿಯನ್ನು ಯಾರಾದರೂ ನಗುತ್ತ ನಿಮಗೆ ಹೇಳಿರಬಹುದು. ನಡೆದದ್ದನ್ನು ನಾನೇ ಬರೆಯುತ್ತೇನೆ.

ಕುಡಿಯುವ ನೀರಿಗೂ ಮೊಣಕಾಲು ನೋವಿಗೂ ಏನು ನಂಟು ಎಂದು ಸಂಶೋಧನೆ ಮಾಡುವವರು ಜೇವರ್ಗಿಗೆ ಬಂದಿದ್ದರು. ಬೋರಿಗೊಂದು ಬಾಟಲಿ ಕೊಟ್ಟು, ಕಂಠದವರೆಗೆ ತುಂಬಿ, ಮುಚ್ಚಳ ತೆರೆಯದೆ ತರಲು ಹೇಳಿದ್ದರು. ಅಂದೇ ಕಡೆಯ ದಿನ. ತಪ್ಪಿದರೆ ನಮ್ಮ ನೀರಿನ ದೋಷ ಯಾರಿಗೂ ತಿಳಿಯದೆ, ನಾವು ಅದನ್ನೇ ಕುಡಿಯುತ್ತಿರಬೇಕು. ಪಕ್ಕದ ಮನೆಯ ಗೌರಮ್ಮ, "ನೀನ ಹೋಗ್ಬೇ. ನೀರು ಕೊಟ್ಟಂಗೂ ಆಗ್ತದ, ಮೊಣಕಾಲು ತೋರ್ಸಿದಂಗೂ ಆಗ್ತದ," ಎಂದಳು. ಓಣಿಯಲ್ಲಿ ಎಲ್ಲರಿಗಿಂತ ಹೆಚ್ಚು ಕುಂಟುವವಳು ನಾನೇ.

ನಮ್ಮೂರು ನೆಲೋಗಿಯಲ್ಲಿ ಬೆಳಗಿನ ಬಸ್ ಹತ್ತಿದೆ. ಈಗ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಬಾಟಲಿಯನ್ನು ಸೆರಗಿನೊಳಗೆ ಅಪ್ಪಿಕೊಂಡು ಕುಳಿತದ್ದನ್ನು ಕಂಡು ಕಂಡಕ್ಟರ್, "ಕೂಸಿಗೆ ಎಷ್ಟು ವರ್ಷ ಆತ್ರಿ ಯವ್ವಾ?" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ನಾನು ಕಿಟಕಿಯ ಕಡೆ ತಿರುಗಿದೆ. ಹೊರಗೆ ತೊಗರಿ ಹೊಲ, ಒಳಗೆ ಕುದಿಯುವ ಸೆಕೆ.

ಹಿಂದಿನ ಸೀಟಿನಲ್ಲಿ ಮುದುಕರೊಬ್ಬರು ಪುಟಾಣಿ ಕಾಳು ಮುಕ್ಕುತ್ತಿದ್ದರು. ಅದು ಗಂಟಲಿಗೆ ಸಿಕ್ಕಿ, "ಯವ್ವಾ, ನೀರು," ಎಂದು ಕೈ ಚಾಚಿದರು. ನೀರು ಕೇಳಿದವರಿಗೆ ಇಲ್ಲವೆನ್ನುವುದನ್ನು ನಮ್ಮ ಮನೆಯಲ್ಲಿ ಯಾರೂ ಕಲಿತಿಲ್ಲ. ನನ್ನನ್ನು ಕೇಳದೆಯೇ ನನ್ನ ಕೈ ಮುಚ್ಚಳ ತೆರೆಯಿತು. ಅವರು ಎತ್ತಿ ಗಟಗಟ ಕುಡಿದು, ಆಮೇಲೆ ಮುಖ ಕಿವುಚಿದರು.

"ಇದೇನು ಸವಳು ನೀರವ್ವಾ. ಉಪ್ಪಿನಕಾಯಿ ಭರಣಿ ತೊಳ್ದದ್ದೇನು?"

"ಪರೀಕ್ಷೆಗೆ ಒಯ್ಯಾಕತ್ತೇನ್ರಿ."

"ಕುಡಿಯೂಕಿಂತ ಮದ್ಲ ಹೇಳ್ಬಾರ್ದೇನು?"

ಬಾಟಲಿ ಅರ್ಧವಾಗಿತ್ತು.

ಜೇವರ್ಗಿಯಲ್ಲಿ ಇಳಿದಾಗ ಅವರೂ ನನ್ನ ಹಿಂದೆಯೇ ಬಂದರು. ಸಂಶೋಧನೆಯ ಹುಡುಗಿ, "ಉಳ್ದ ನೀರು ಎಲ್ಲಿ ಅಮ್ಮ?" ಎಂದು ನನ್ನನ್ನು ಕೇಳಿದಳು.

"ನನ್ನ ಹೊಟ್ಟ್ಯಾಗ ಐತ್ರಿ ಮೇಡಂ," ಎಂದರು ಮುದುಕರು. "ಬೇಕಂದ್ರ ತಗೋರಿ. ಅದಕ್ಕ ಬಂದೇನಿ."

ಹುಡುಗಿ ನಕ್ಕಳು. ಆದರೆ ತೆರೆದ ಬಾಟಲಿ ನಡೆಯುವುದಿಲ್ಲ ಎಂದಳು. ಓಣಿಗೆ ಯಾವ ಮುಖ ಹೊತ್ತು ಹೋಗಲಿ ಎಂದು ನನ್ನ ಕಣ್ಣು ತುಂಬಿತು. ಮುದುಕರು ಬಿಡಲಿಲ್ಲ. "ಒಂದ ಸಲ ಕುಡ್ದ ನನ್ನ ನಾಲಿಗಿನ ಇನ್ನೂ ಸರಿ ಆಗಿಲ್ರಿ. ಈಕಿ ದಿನಾ ಕುಡೀತಾಳ. ನಿಮ್ಮ ಪರೀಕ್ಷೆ ಇಂಥೋರಿಗಲ್ದ ಇನ್ಯಾರಿಗ್ರಿ?"

ಹುಡುಗಿ ಹೊಸ ಬಾಟಲಿಯೊಂದನ್ನು ಎತ್ತಿಕೊಂಡು, ಜೀಪಿನ ಡ್ರೈವರನನ್ನು ಕರೆದಳು. "ನಡೀರಿ ಅಮ್ಮ, ಬೋರಿನ ಹತ್ರಾನ ಹೋಗಿ ತುಂಬೋಣು. ಈ ಸಲ ಬಾಟ್ಲಿ ನನ್ನ ಕೈಯಾಗ ಇರ್ತದ."

ಬಸ್ಸಿನಲ್ಲಿ ಹೋದವಳು ಜೀಪಿನಲ್ಲಿ ಬಂದೆ. ಗೌರಮ್ಮ ತಂಬಿಗೆ ತುಂಬ ನೀರು ತಂದು, "ಕುಡೀರಿ," ಎಂದಳು. ಹುಡುಗಿ ನನ್ನ ಮುಖ ನೋಡಿ, ಮುಖ ಕಿವುಚದೆ ಅಷ್ಟೂ ಕುಡಿದು, ಬಾಟಲಿ ತುಂಬಿಕೊಂಡು ಹೋದಳು.

ಫಲಿತಾಂಶ ಇನ್ನೂ ಬಂದಿಲ್ಲ. ಅಲ್ಲಿಯವರೆಗೂ, ಆಮೇಲೂ ಈ ಹಾಳೆಗಳನ್ನು ಜೋಪಾನವಾಗಿಡಿ. ಓದುವಾಗ ಯಾರಾದರೂ ನೀರು ಕೇಳಿದರೆ ಹಾಳೆ ಪಕ್ಕಕ್ಕಿಟ್ಟು ಮೊದಲು ನೀರು ಕೊಡಿ. ಬಾಟಲಿಯದಲ್ಲ, ಬಿಂದಿಗೆಯದು.