ಅಪ್ಪೆ ಉಂಡ ಒಂದು ಬೂತಾಯಿ

ಕಾಪುವಿಗೆ ಬಂದ ಮೊದಲ ಮಧ್ಯಾಹ್ನ ಸೆರಗನ್ನು ಮೂಗಿಗೆ ಒತ್ತಿಕೊಂಡೇ ಉಂಡೆ. ಅಂಗಳದ ತುಂಬ ಒಣಗಲು ಹರವಿದ ಮೀನು. ಸತ್ತಿದ್ದರೂ ಅವುಗಳ ಕಣ್ಣು ತೆರೆದೇ ಇದ್ದವು. ನಮ್ಮ ರಾಣೆಬೆನ್ನೂರಿನ ಕಡೆ ಅಂಗಳಕ್ಕೆ ಹರವುವುದು ಮೆಣಸಿನಕಾಯಿ, ಹುಣಸೆಹಣ್ಣು, ಬಹಳವಾದರೆ ಶಾವಿಗೆ. ಬಸ್ಸು ಹತ್ತಿಸುವಾಗ ಅವ್ವ ಕೇಳಿದ್ದು ನೆನಪಾಯಿತು: “ನೀರಾಗಿನ ಹುಳ ತಿನ್ನೋ ಮಂದಿ ನಡುವ ಹೆಂಗ ಬಾಳೇವು ಮಾಡ್ತಿ, ನನ ಮಗಳ?”

ಲಿಂಗ ಕಟ್ಟಿದ ಮನೆತನ ನಮ್ಮದು. ಮೊಟ್ಟೆಯ ಸಿಪ್ಪೆಯೂ ಹೊಸಿಲು ದಾಟಿದ್ದಿಲ್ಲ. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಮ್ಮವರಿಗೆ ಅಲ್ಲಿ ಮಾಸ್ತರಿಕೆ ಸಿಕ್ಕಿತ್ತು. ನಮಗೆ ಬಾಡಿಗೆಗೆ ಸಿಕ್ಕ ಎರಡು ಕೋಣೆ ಗಿರಿಜಕ್ಕ ಎಂಬ ಮೊಗವೀರ ಹೆಂಗಸಿನದು. ಮೊಗವೀರರೆಂದರೆ ಕಡಲನ್ನೇ ಹೊಲ ಮಾಡಿಕೊಂಡವರು. ನಮ್ಮ ಒಲೆ ಬೇರೆ, ಬಾವಿ ಒಂದೇ. ಬಂದ ಮರುದಿನವೇ ಗಿರಿಜಕ್ಕ ಹೊಸ ಹಗ್ಗ ಕಟ್ಟಿದ ಒಂದು ಕೊಡಪಾನ ತಂದಿಟ್ಟರು. ಆ ಕಡೆ ನೀರು ಸೇದುವ ಕೊಡಕ್ಕೆ ಹಾಗನ್ನುತ್ತಾರೆ.

“ಇದು ನಿಮಗೆ ಮಾತ್ರ. ಮೀನು ತೊಳೆದ ಕೈ ಇದಕ್ಕೆ ತಾಗಿಸುವುದಿಲ್ಲ. ಹೆದರಬೇಡಿ.”

ನಾನು ಬಾಯಿಬಿಟ್ಟು ಕೇಳಿರಲಿಲ್ಲ. ನಮ್ಮ ಓಣಿಯಲ್ಲಿ ಬೇರೆಯವರ ನೇಮಕ್ಕೆ ಯಾರಾದರೂ ಹೀಗೆ ಹಗ್ಗ ಕಟ್ಟಿದ್ದುಂಟೇ ಎಂದು ಆ ರಾತ್ರಿ ಯೋಚಿಸಿದೆ. ಇಲ್ಲ.

ಮನೆಯಲ್ಲಿ ಗಿರಿಜಕ್ಕನ ಅಮ್ಮ ಇದ್ದರು. ತುಳುವಿನಲ್ಲಿ ಅಮ್ಮನಿಗೆ ಅಪ್ಪೆ ಎನ್ನುತ್ತಾರೆ. ಓಣಿಗೆ ಓಣಿಯೇ ಅವರನ್ನು ಹಾಗೆ ಕರೆಯುತ್ತಿತ್ತು. ಅಪ್ಪೆಯ ಕಿರಿಯ ಮಗ, ಗಿರಿಜಕ್ಕನ ತಮ್ಮ, ವಾಮನ. ನನಗೆ ತುಳು ಕಲಿಸಲು ಹೊರಟವನು ಅವನೇ. ನಾನು ತಟ್ಟಿದ ಜೋಳದ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ ಹೇಳಿದ್ದ:

“ಇದೆಂತ ಅಕ್ಕ, ತಿನ್ನಲಿಕ್ಕಾ, ದೋಣಿಯ ತೂತು ಮುಚ್ಚಲಿಕ್ಕಾ?”

“ಮೊದಲು ಬಾಯಿ ಮುಚ್ಚಲಿಕ್ಕೆ ಮಾರಾಯ,” ಎಂದರು ಗಿರಿಜಕ್ಕ. ಅವನು ಮೂರು ರೊಟ್ಟಿ ತಿಂದ.

ಮಳೆಗಾಲ ಆ ಜನಕ್ಕೆ ನಮ್ಮ ಬರಗಾಲದ ಹಾಗೆ. ದೋಣಿ ಇಳಿಯುವುದಿಲ್ಲ, ಕುಚ್ಚಲಕ್ಕಿ ಗಂಜಿ, ಒಣಮೀನು, ಕೊನೆಗೆ ಗಂಜಿ, ಉಪ್ಪು. ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಒಪ್ಪಿಸಿದ ಮೇಲೆಯೇ ಮತ್ತೆ ನೀರಿನ ದಾರಿ. ಆ ವರ್ಷ ಕಡಲು ಕಾಯಿ ನುಂಗಿಯೂ ಶಾಂತವಾಗಲಿಲ್ಲ. ಕೃಷ್ಣಾಷ್ಟಮಿ, ಮರುದಿನ ಮೊಸರುಕುಡಿಕೆಯ ವಿಟ್ಲಪಿಂಡಿ, ಅದರ ಬೆನ್ನಿಗೆ ಭಾನುವಾರ. ಸಾಲು ರಜೆ. ವಿಟ್ಲಪಿಂಡಿಗೆ ನಮ್ಮನ್ನು ಉಡುಪಿಗೆ ಕರೆದೊಯ್ದು ಹುಲಿವೇಷ ತೋರಿಸುತ್ತೇನೆಂದು ವಾಮನ ಹೇಳಿದ್ದ. ಉಪವಾಸಕ್ಕೆ ಮೊದಲು ಮನೆಯವರ ಊಟಕ್ಕೆ ಒಂದಿಷ್ಟು ಹಸಿಮೀನು ಇರಲಿ ಎಂದು ಅಷ್ಟಮಿಯ ಹಿಂದಿನ ಬೆಳಿಗ್ಗೆ ವಾಮನನೂ ಜೊತೆಯವರೂ ದೋಣಿ ಇಳಿಸಿದರು. ದಡದ ತೆರೆ ದಾಟುವಲ್ಲೇ ದೋಣಿ ಮಗುಚಿತು. ಉಳಿದವರು ಈಜಿ ಬಂದರು. ವಾಮನ ಬರಲಿಲ್ಲ.

ಆ ಮಧ್ಯಾಹ್ನ ಓಣಿಯ ಯಾವ ಮನೆಯಿಂದಲೂ ಒಣಮೀನು ಸುಡುವ ವಾಸನೆಯೂ ಏಳಲಿಲ್ಲ. ಸೆರಗು ಮೂಗಿಗೆ ಒತ್ತಿದ್ದವಳು ನಾನು. ಅಂದು ಆ ವಾಸನೆ ಹುಡುಕಿಕೊಂಡು ಅಂಗಳಕ್ಕೆ ಬಂದೆ.

“ಅವ ನೀರಲ್ಲಿರುವಾಗ ನೀರಿನದ್ದು ತಿನ್ನುವುದು ಹೇಗೆ?” ಎಂದರು ಗಿರಿಜಕ್ಕ. ಹೆಣ ದಡಕ್ಕೆ ಬರುವವರೆಗೆ ಆ ಓಣಿಯಲ್ಲಿ ಯಾರೂ ಮೀನು ತಿನ್ನುವಂತಿಲ್ಲ. ತಿನ್ನದ್ದನ್ನು ಹಿಡಿಯುವಂತೆಯೂ ಇಲ್ಲ, ಮಾರುವಂತೆಯೂ ಇಲ್ಲ. ಹೆಣ ಬಾರದೇ ಹೋದರೆ? ಹೆತ್ತವಳು ಮೊದಲು ಉಣ್ಣಬೇಕು. ಅವಳು ಉಂಡಳೆಂದರೆ ಮಗ ಇನ್ನು ಬರುವುದಿಲ್ಲವೆಂದು ಅವಳೇ ಒಪ್ಪಿದ ಹಾಗೆ.

ಅಷ್ಟಮಿಯಂದು ಎಲ್ಲರಿಗೂ ಹೇಗೂ ಉಪವಾಸ. ವಿಟ್ಲಪಿಂಡಿಗೆ ಆ ಮನೆಯಲ್ಲಿ ಒಲೆ ಹೊತ್ತಲಿಲ್ಲ. ನಾನು ರೊಟ್ಟಿ ತಟ್ಟಿ, ಶೇಂಗಾ ಚಟ್ನಿ ಇಟ್ಟು ಒಯ್ದೆ. ಅಪ್ಪೆ ಒಂದು ರೊಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕಡಲ ಕಡೆ ನೋಡುತ್ತ ಕೂತೇ ಇದ್ದರು.

ಭಾನುವಾರ ಬೆಳಿಗ್ಗೆ ಬೂತಾಯಿಯ ಹಿಂಡು ದಡದ ಹತ್ತಿರವೇ ಬಂತು. ಬೆರಳುದ್ದದ ಮೀನು, ಬಡವರ ಮೀನು. ನೀರಿಗೆ ನೀರೇ ಕಪ್ಪಾಗಿತ್ತು. ರಂಪಣಿ ಎಂಬ ದೊಡ್ಡ ಬಲೆ ಬಿಟ್ಟು, ಊರೇ ಹಗ್ಗ ಹಿಡಿದು ಎಳೆಯಬೇಕಾದ ಹೊತ್ತು. ಮಳೆಗಾಲವಿಡೀ ಹಸಿದ ಜನ ಮರಳಿನ ಮೇಲೆ ಕೈಕಟ್ಟಿ ನಿಂತು ಅದನ್ನು ನೋಡಿದರು. ಯಾರೂ ಅಪ್ಪೆಯನ್ನು ಕೇಳಲಿಲ್ಲ. ಒಬ್ಬಳ ಸೊಂಟದ ಮೇಲಿದ್ದ ಮಗು ಮಾತ್ರ ನೀರಿಗೆ ಕೈಚಾಚಿ “ಮೀನ್, ಮೀನ್” ಎಂದಿತು. ತಾಯಿ ಅದರ ಬಾಯಿಗೆ ಅಂಗೈ ಒತ್ತಿದಳು.

ಅಪ್ಪೆ ಎದ್ದರು. “ಬಲೆ ಬಿಡಿ. ಮೀನೂ ಬರಲಿ, ಅವನೂ ಬರಲಿ.”

ಎಳೆದರು. ಅಂದು ಯಾವ ಕೂಗೂ ಇಲ್ಲ, ಹಗ್ಗ ಎಳೆಯುವ ಪದವೂ ಇಲ್ಲ. ಬಲೆ ದಡ ಮುಟ್ಟುವಾಗ ಗಿರಿಜಕ್ಕ ನನ್ನ ತೋಳು ಹಿಡಿದ ಕಡೆ ಉಗುರು ಇಳಿಯಿತು. ಮರಳ ಮೇಲೆ ಬೆಳ್ಳಿಯ ರಾಶಿ ಬಿತ್ತು, ಮಿಸುಕಿತು, ಸುಮ್ಮನಾಯಿತು. ಅವನು ಅದರಲ್ಲಿ ಇರಲಿಲ್ಲ. ಹೆಂಗಸರು ಖಾಲಿ ಬುಟ್ಟಿ ಕಾಲ ಬಳಿ ಇಟ್ಟುಕೊಂಡು ಕೂತರು. ಬಿಸಿಲು ಏರುತ್ತಿತ್ತು.

ಅಪ್ಪೆ ರಾಶಿಯಿಂದ ಒಂದೇ ಒಂದು ಬೂತಾಯಿ ಎತ್ತಿಕೊಂಡು ಮನೆಯೊಳಗೆ ಹೋದರು. ಗಿರಿಜಕ್ಕ ಅದನ್ನು ಕೆಂಡದ ಮೇಲೆ ಸುಟ್ಟು ಬಟ್ಟಲಲ್ಲಿಟ್ಟರು. ಅಪ್ಪೆ ಮಗಳನ್ನೂ ಹೊರಗೆ ಕಳಿಸಿ ನನ್ನನ್ನು ಕರೆದರು.

“ನೀನು ಕೂತುಕೋ ಮಗಾ. ಅವರೆಲ್ಲ ನಾನು ಉಣ್ಣುವುದನ್ನೇ ಕಾಯ್ತಾರೆ. ನಿನಗೆ ಇದರಲ್ಲಿ ಕಾಯಲಿಕ್ಕೆ ಎಂತದ್ದೂ ಇಲ್ಲ ಅಲ್ವಾ?”

ಕೂತೆ. ಅಪ್ಪೆಯ ಅತ್ತು ಊದಿದ ಕಣ್ಣಿಗೆ ಮುಳ್ಳು ಕಾಣುತ್ತಿರಲಿಲ್ಲ. ಬಟ್ಟಲನ್ನು ನನ್ನ ಕಡೆ ಸರಿಸಿದರು. ನಾನು ಮುಳ್ಳು ಬಿಡಿಸಿದೆ. ಹೇಗೆ ಬಿಡಿಸಬೇಕೆಂದು ಗೊತ್ತಿರಲಿಲ್ಲ. ನಡುವಿನ ಎಲುಬು ತಾನಾಗಿಯೇ ಕಳಚಿ ಬಂತು. ಅಪ್ಪೆ ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದರು. ನುಂಗಿದರು.

“ಹೋಗಿ ಹೇಳು.”

ಹೊರಗೆ ಬಂದು ಹೇಳಿದೆ. ತುಳುವಿನಲ್ಲಿ ನಾನು ತಡವರಿಸದೆ ಆಡಿದ ಮೊದಲ ಮಾತು ಅದೇ. ಕಲಿಸಿದವನು ಕೇಳಲಿಲ್ಲ. ಬುಟ್ಟಿಗಳು ತುಂಬಿದವು, ಮಧ್ಯಾಹ್ನದ ಹೊತ್ತಿಗೆ ಮನೆಮನೆಯಿಂದಲೂ ವಾಸನೆ ಎದ್ದಿತು. ಗಿರಿಜಕ್ಕ ಬಾವಿಕಟ್ಟೆಯಲ್ಲಿ ನನ್ನ ಕೈಗೆ ನೀರು ಹೊಯ್ದರು. ಹೊಯ್ದದ್ದು ನನಗಿಟ್ಟ ಕೊಡಪಾನದಿಂದಲ್ಲ, ತಮ್ಮದರಿಂದ.

ಈಗ ನಾವು ಕಾರ್ಕಳದಲ್ಲಿದ್ದೇವೆ. ಇಲ್ಲಿ ಕಡಲು ಕೇಳಿಸುವುದಿಲ್ಲ. ಮೀನು ಮಾರಲು ಬಸ್ಸಿನಲ್ಲಿ ಬರುವ ಗಿರಿಜಕ್ಕ ಬುಟ್ಟಿಯನ್ನು ಗೇಟಿನ ಹೊರಗಿಟ್ಟು ಒಳಗೆ ಬಂದು ಮಜ್ಜಿಗೆ ಕುಡಿದು ಹೋಗುತ್ತಾರೆ. ಒಳಗೆ ತನ್ನಿ ಎಂದರೂ ತರುವುದಿಲ್ಲ. ಶ್ರಾವಣಕ್ಕೆ ರಾಣೆಬೆನ್ನೂರಿಗೆ ಹೋದರೆ, ರೊಟ್ಟಿ ಬಡಿಸುವ ಮೊದಲು ಅವ್ವ ಇಂದಿಗೂ ಕೇಳುತ್ತಾಳೆ:

“ಅಲ್ಲೆ ಮೀನಾ ಮುಟ್ಟಿಲ್ಲಲ್ಲ?”

“ತಿಂದಿಲ್ಲವ್ವಾ,” ಎನ್ನುತ್ತೇನೆ.

ಅವಳು ಕೇಳಿದ್ದು ಅದಲ್ಲ.